ಮೆಟ್ಟುಗಳಿಲ್ಲದ ವಾದ್ಯ, ಗೆರೆಗಳಿಲ್ಲದ ಬದುಕು

ಉಣಕಲ್ ಕೆರೆ ದಂಡೆಯಲ್ಲಿ ಕೂತು ರಾಜೀವ್ ತಾರಾನಾಥರ ಸರೋದ್ ಕೇಳ್ತಿದ್ದೆ. 2024ರ ಜೂನ್ 11ರಂದು ಅವರು ಮೈಸೂರಿನಲ್ಲಿ ತೀರಿಕೊಂಡರು.

ಸಿತಾರಿನಲ್ಲಿ ಮೆಟ್ಟುಗಳಿವೆ, ಸ್ವರ ಎಲ್ಲಿದೆ ಅಂತ ಅವೇ ತೋರಿಸ್ತವೆ. ಸರೋದಿನಲ್ಲಿ ಅವಿಲ್ಲ. ನುಣುಪಾದ ಲೋಹದ ಪಟ್ಟಿಯ ಮೇಲೆ ತಂತಿಯುದ್ದಕ್ಕೂ ಬೆರಳು ಜಾರಿಸಿ ಸ್ವರ ಹುಡುಕಬೇಕು. ಅದಕ್ಕೇ ಅದರ ಮೀಂಡ್ ಮನುಷ್ಯರ ದನಿಯಂತೆ ಕೇಳುತ್ತದೆ.

ಅವರ ಬದುಕೂ ಹಾಗೇ. ಇಂಗ್ಲಿಷ್ ಪ್ರಾಧ್ಯಾಪಕ ಕೆಲಸ ಬಿಟ್ಟು ಸರೋದಿಗೆ ಮುಡಿಪಾದರು. ಬೆಂಗಳೂರಲ್ಲಿ ಹುಟ್ಟಿದವರಿಗೆ ಅಲಿ ಅಕ್ಬರ್ ಖಾನ್ ಗುರು. ಜಾತಿಯನ್ನು ಪ್ರಶ್ನಿಸಿದ ‘ಸಂಸ್ಕಾರ’ (1970) ಚಿತ್ರಕ್ಕೆ ಸಂಗೀತ ಕೊಟ್ಟದ್ದೂ ಇವರೇ.

ಗುರು ಯಾರು, ಧರ್ಮ ಯಾವುದು ಅಂತ ಸಂಗೀತಕ್ಕೂ ಗೆರೆ ಎಳೀತಿದ್ದಾರೆ ಈಗ. ಪದ್ಮಶ್ರೀಯಷ್ಟೇ ನೆನಪಿಟ್ಟರೆ ಸಾಲದು. ಆ ಗೆರೆಗಳನ್ನು ಅವರು ದಾಟಿದ್ದು ನೆನಪಿರಲಿ.