ಮರಿಗಳು ಗುಹೆಯಲ್ಲಿರುವಾಗಲೇ ಬೆಂಕಿ: ಅರಸೀಕೆರೆ ಸೀಮೆಯ ಕಾಡ್ಗಿಚ್ಚು ಮತ್ತು ವನ್ಯಜೀವಿಗಳು

ಅರಸೀಕೆರೆಯ ಸಹಸ್ರಕೂಟ ಜಿನಾಲಯ ಮತ್ತು ಹಳೇಬೀಡಿನ ಬಸ್ತಿಹಳ್ಳಿಯ ಬಸದಿಗಳ ದರ್ಶನಕ್ಕೆ ಬೇಸಿಗೆಯಲ್ಲಿ ಬರುವ ಶ್ರಾವಕ ಶ್ರಾವಿಕೆಯರು ದಾರಿಯ ಪಕ್ಕದ ಗುಡ್ಡಗಳು ಸುಟ್ಟು ಕಪ್ಪಾಗಿರುವುದನ್ನು ನೋಡಿರಬಹುದು. ಹುಲ್ಲು ತಾನೇ, ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ ಎನ್ನುವವರೇ ಹೆಚ್ಚು. ಹುಲ್ಲು ಚಿಗುರುವುದೇನೋ ನಿಜ. ಅದರೊಳಗಿದ್ದ ಜೀವಗಳ ಲೆಕ್ಕವೇ ಬೇರೆ.

ಅರಸೀಕೆರೆಯ ಹಿರೇಕಲ್ಲು ಗುಡ್ಡದ ಕುರುಚಲು ಕಾಡು ಕರಡಿ, ಚಿರತೆಗಳ ನೆಲೆ. ಕರಡಿಯ ಆಹಾರ ಗೆದ್ದಲು, ಇರುವೆ, ಜೇನು, ಕಾಡಿನ ಹಣ್ಣುಗಳು. ಹೆಣ್ಣು ಕರಡಿ ಸಾಮಾನ್ಯವಾಗಿ ಚಳಿಗಾಲದಲ್ಲಿ ಬಂಡೆಗಳ ನಡುವಿನ ಗುಹೆಯಲ್ಲಿ ಮರಿ ಹಾಕುತ್ತದೆ. ಎರಡು ಮೂರು ತಿಂಗಳು ಮರಿಗಳು ಹೊರಗೆ ಬರುವುದಿಲ್ಲ. ಮಾರ್ಚ್ ಕಳೆದ ಮೇಲೆ ಬೆಂಕಿ ಬಿದ್ದರೆ ಮರಿಗಳು ತಾಯಿಯ ಬೆನ್ನೇರಿ ಪಾರಾಗಬಹುದು. ಜನವರಿ, ಫೆಬ್ರವರಿಯಲ್ಲೇ ಬಿದ್ದರೆ ಆ ಅವಕಾಶವೂ ಇಲ್ಲ. 2023ರಂತೆ ಮುಂಗಾರು ಕೈಕೊಟ್ಟ ವರ್ಷದಲ್ಲಿ ಹುಲ್ಲು ಬೇಗ ಒಣಗುತ್ತದೆ, ಬೆಂಕಿಯ ಕಾಲವೂ ಮುಂದಕ್ಕೆ ಬಂದು ಕೂರುತ್ತದೆ. ಒಂದು ವರ್ಷ ಚೆನ್ನಾಗಿ ಮಳೆಯಾಗಿ ಹುಲ್ಲು ಎದೆಯೆತ್ತರ ಬೆಳೆದು, ಆಮೇಲೆ ಬಿಸಿಲು ಕಾದರೆ ಇನ್ನೂ ಕಷ್ಟ.

ಜಿಂಕೆ, ಚಿರತೆಗಳು ಓಡಿ ಬದುಕುತ್ತವೆ. ಆಮೆ, ಹಾವು, ಓತಿ, ಉಂಡೆ ಸುತ್ತಿಕೊಳ್ಳುವ ಚಿಪ್ಪುಹಂದಿ ಓಡಲಾರವು. ನೆಲದ ಮೇಲೆ ಮೊಟ್ಟೆ ಇಡುವ ಗೌಜಲಕ್ಕಿ, ನತ್ತಿಂಗಗಳ ಗೂಡು ಒಂದೇ ಗಳಿಗೆಯಲ್ಲಿ ಬೂದಿ. ಇನ್ನು ಎಲೆಯಡಿಯ ಹುಳು ಹುಪ್ಪಟೆಗಳನ್ನು ಎಣಿಸುವವರಾರು? ಬೆಂಕಿ ಆರಿದ ಮೇಲೂ ಮಳೆಯವರೆಗೆ ಮೇವಿಲ್ಲ, ಮರೆಯಿಲ್ಲ. ಪ್ರಾಣಿಗಳು ತೋಟ, ಕೆರೆಗಳ ಕಡೆ ಇಳಿಯುತ್ತವೆ. ಬೇಲೂರು ತಾಲ್ಲೂಕಿನ ಕಾಫಿ ತೋಟಗಳ ಆನೆ ಹಾವಳಿಯನ್ನೂ ಕೆಲವರು ಕಾಡ್ಗಿಚ್ಚಿನ ತಲೆಗೇ ಕಟ್ಟುತ್ತಾರೆ. ಅದು ಪೂರ್ತಿ ಸರಿಯಲ್ಲ. ಕಾಡು ತುಂಡಾಗಿರುವುದು, ತೋಟದಲ್ಲಿ ವರ್ಷವಿಡೀ ನೀರು ಮೇವು ಸಿಗುವುದು ಅದಕ್ಕೆ ದೊಡ್ಡ ಕಾರಣಗಳು.

ಎಲ್ಲ ಬೆಂಕಿಯೂ ಒಂದೇ ಅಲ್ಲ ಎಂಬುದನ್ನೂ ತಿಳಿಯಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆಯ ಆರಂಭದಲ್ಲೇ ಒಣ ಎಲೆಗೆ ಸಣ್ಣದಾಗಿ 'ತರಗು ಬೆಂಕಿ' ಹಾಕುತ್ತಿದ್ದರು. ಅದು ನೆಲಮಟ್ಟದಲ್ಲೇ ಉರಿದು ಆರುತ್ತಿತ್ತು. 1974ರಲ್ಲಿ ಅಲ್ಲಿ ಅಭಯಾರಣ್ಯವಾಗಿ ಆ ಪದ್ಧತಿ ನಿಂತ ಮೇಲೆ ಲಾಂಟಾನ ಪೊದೆ ಹಬ್ಬಿತು ಎಂಬುದು ಸೋಲಿಗರ ಮಾತು. ಸಂಶೋಧಕರೂ ಇದನ್ನು ಗಂಭೀರವಾಗಿ ಪರಿಗಣಿಸಿದ್ದಾರೆ. ಲಾಂಟಾನ ಆಳೆತ್ತರ ಬೆಳೆದು ಒಣಗಿದರೆ ನೆಲದ ಕಿಚ್ಚು ಮರದ ಕೊಂಬೆಗೇ ಏರುತ್ತದೆ. ಸಸಿಗಳು ಸಾಯುತ್ತವೆ, ಖಾಲಿ ಜಾಗಕ್ಕೆ ಮತ್ತೆ ಹುಲ್ಲು, ಲಾಂಟಾನವೇ ಬರುತ್ತದೆ, ಮುಂದಿನ ಬೆಂಕಿಗೆ ಸೌದೆ ಸಿದ್ಧ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಕೆಲವೇ ದಿನಗಳಲ್ಲಿ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಿತು.

ನಮ್ಮ ಕಡೆ ಸಿಡಿಲಿನಿಂದ ಹತ್ತುವ ಬೆಂಕಿ ತೀರಾ ಅಪರೂಪ. ಹೆಚ್ಚಿನವು ಮನುಷ್ಯರು ಹಚ್ಚಿದವೇ: ಹೊಸ ಮೇವು ಚಿಗುರಲಿ ಎಂದು, ಜೇನು ಬಿಡಿಸಲು, ಬೀಡಿ ತುಂಡಿನಿಂದ, ಕೆಲವೊಮ್ಮೆ ಇಲಾಖೆಯ ಮೇಲಿನ ಸಿಟ್ಟಿಗೆ. ಶ್ರಾವಕರು ಬಿಡಬೇಕಾದ ಹದಿನೈದು ಕರ್ಮಾದಾನಗಳಲ್ಲಿ ಕಾಡಿಗೆ ಬೆಂಕಿ ಇಡುವ 'ದವದಾನ'ವನ್ನು ಹೆಸರಿಸಿಯೇ ಹೇಳಿದೆ. ಇದನ್ನು ಕೆಲವರು ಚಟದಿಂದ, ಕೆಲವರು ಪುಣ್ಯ ಬರುತ್ತದೆಂದು ಮಾಡುತ್ತಾರೆ ಎಂದು ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ವಿವರಿಸಿದ್ದಾರೆ. ಅಂದರೆ ಹನ್ನೆರಡನೆಯ ಶತಮಾನದಲ್ಲೂ ಕಾರಣಗಳಿಗೆ ಕೊರತೆ ಇರಲಿಲ್ಲ.

ಜ್ಞಾತಾಧರ್ಮಕಥೆಯ ಮೇಘಕುಮಾರನ ಪೂರ್ವಜನ್ಮದ ಕಥೆಯನ್ನು ಹಲವರು ಮಕ್ಕಳಿಗೆ ಹೇಳಿರುತ್ತಾರೆ. ಕಾಲಡಿ ಬಂದು ಕುಳಿತ ಮೊಲಕ್ಕಾಗಿ ಎರಡೂವರೆ ದಿನ ಎತ್ತಿದ ಕಾಲನ್ನು ಇಳಿಸದ ಆನೆ ಎಲ್ಲರಿಗೂ ನೆನಪು. ಆ ಆನೆ ಕಾಡ್ಗಿಚ್ಚಿಗೆ ಮೊದಲೇ ಹುಲ್ಲು, ಪೊದೆ ಕಿತ್ತು ದೊಡ್ಡ ವೃತ್ತವೊಂದನ್ನು ಬಯಲು ಮಾಡಿಟ್ಟಿತ್ತು, ಪ್ರಾಣಿಗಳೆಲ್ಲ ಅಲ್ಲಿ ಸೇರಿದ್ದು ಅದರಿಂದಲೇ, ಎಂಬುದು ಮಾತ್ರ ಮರೆತುಹೋಗುತ್ತದೆ. ಅರಣ್ಯ ಇಲಾಖೆ ಬೇಸಿಗೆಗೆ ಮುನ್ನ ಮಾಡುವ ಬೆಂಕಿರೇಖೆಯೂ ಇದೇ ಕೆಲಸ: ಉರಿಯಲು ಏನೂ ಇಲ್ಲದ ಪಟ್ಟಿ.

ಗುಡ್ಡದಂಚಿನಲ್ಲಿ ತೆಂಗಿನ ತೋಟ ಇರುವವರು ಇದನ್ನೇ ತಮ್ಮ ಬದುವಿನಲ್ಲಿ ಮಾಡಬಹುದು. ಒಣ ಗರಿ, ಮಟ್ಟೆ, ಬದುವಿನ ಹುಲ್ಲನ್ನು ಸುಡುವ ಬದಲು ಮರದ ಬುಡಕ್ಕೆ ಹೊದಿಸಿದರೆ ತೇವವೂ ಉಳಿಯುತ್ತದೆ. ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷೆ ಉಪಗ್ರಹದಿಂದ ಬೆಂಕಿ ಗುರುತಿಸಿ ಸಿಬ್ಬಂದಿಗೆ ಸಂದೇಶ ಕಳಿಸುತ್ತದೆ. ಆದರೆ ಉಪಗ್ರಹ ಹಾದುಹೋಗುವುದು ದಿನಕ್ಕೆ ಕೆಲವೇ ಬಾರಿ, ಸಣ್ಣ ಬೆಂಕಿ ಅದರ ಕಣ್ಣಿಗೆ ಬೀಳದೆಯೂ ಇರಬಹುದು. ಹೊಗೆ ಕಂಡವರು ಅರಣ್ಯ ಸಹಾಯವಾಣಿ 1926 ಅಥವಾ 112ಕ್ಕೆ ಕರೆ ಮಾಡಿ, ಹತ್ತಿರದ ಊರು, ಗುಡ್ಡದ ಹೆಸರು ಹೇಳಬೇಕು. ತಾವೇ ಗುಡ್ಡ ಹತ್ತಿ ಆರಿಸಲು ಹೋಗಬಾರದು. ಬೆಂಕಿ ಇಳಿಜಾರಿಗಿಂತ ಏರಿನಲ್ಲಿ ವೇಗವಾಗಿ ಓಡುತ್ತದೆ. 2023ರ ಫೆಬ್ರವರಿಯಲ್ಲಿ ಇದೇ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಸುಟ್ಟ ಗಾಯಗಳಿಂದ ತೀರಿಕೊಂಡರು.