ಒಂದೇ ಸದ್ದು, ಎರಡು ಅನುಭವ

ಒಂದೇ ಬೆಂಚಿನಲ್ಲಿ ಇಬ್ಬರು ಬಾಲಕರು ಕುಳಿತಿರುವರೆಂದು ಭಾವಿಸೋಣ. ಶಾಲೆಯ ಗಂಟೆ ಬಾರಿಸುತ್ತದೆ. ಒಬ್ಬನು ಪುಸ್ತಕ ಮುಚ್ಚುತ್ತಾನೆ. ಆಟಿಸಂ ಇರುವ ಇನ್ನೊಬ್ಬನು ಕಿವಿ ಮುಚ್ಚಿಕೊಂಡು ಚೀರುತ್ತಾನೆ. ನಡುವೆ ಇಟ್ಟ ಶಬ್ದಮಾಪಕವು ತೋರಿಸುವ ಡೆಸಿಬೆಲ್ ಇಬ್ಬರಿಗೂ ಒಂದೇ. ಇದು ಹಟವೇ? ಅಲ್ಲ. ಕಿವಿಗೆ ಬಂದ ಅಲೆ ಒಂದೇ ಆದರೂ ಮಿದುಳು ಅದನ್ನು ಸ್ವೀಕರಿಸುವ ಬಗೆ ಬೇರೆ.

ಈ ಭೇದವನ್ನರಿತು ನೆರವಾಗುವವರು ಔದ್ಯೋಗಿಕ ಚಿಕಿತ್ಸಕರು. ಉದ್ಯೋಗವೆಂದರೆ ಇಲ್ಲಿ ಸಂಬಳದ ಕೆಲಸವಷ್ಟೇ ಅಲ್ಲ; ಉಣ್ಣುವುದು, ಉಡುವುದು, ಬರೆಯುವುದು, ಆಡುವುದು ಎಲ್ಲವೂ ಸೇರಿದೆ. ಇಂದ್ರಿಯಗಳು ತರುವ ಸುದ್ದಿಯನ್ನು ಮಿದುಳು ಹೊಂದಿಸಿಕೊಳ್ಳುವ ಕ್ರಮವನ್ನು ಅಮೆರಿಕದ ಚಿಕಿತ್ಸಕಿ ಜೀನ್ ಏರ್ಸ್ 1972ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಉಯ್ಯಾಲೆ ತೂಗಿದಾಗ ಒಳಗಿವಿಯ ಸಮತೋಲನದ ಅಂಗಗಳು ಎಚ್ಚರಗೊಳ್ಳುತ್ತವೆ. ಇಂತಹ ಚಿಕಿತ್ಸೆಯಲ್ಲಿ ಉಯ್ಯಾಲೆಯು ಸ್ಥಾನ ಪಡೆದುದು ಇದರಿಂದಲೇ.

ಆದರೆ ಎಲ್ಲ ಉಪಾಯಗಳೂ ಫಲಿಸವು. 2014ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದರಲ್ಲಿ, ಭಾರವಾದ ಹೊದಿಕೆಯಿಂದ ಆಟಿಸಂ ಇರುವ ಮಕ್ಕಳ ನಿದ್ರೆ ಹೆಚ್ಚಲಿಲ್ಲ. ಆದರೂ ಮಕ್ಕಳೂ ಹೆತ್ತವರೂ ಅದನ್ನೇ ಮೆಚ್ಚಿದರು! ಮೆಚ್ಚುಗೆ ಬೇರೆ, ಮಾಪನ ಬೇರೆ. ಆದುದರಿಂದ ಒಳ್ಳೆಯ ಚಿಕಿತ್ಸಕರು ಪ್ರತಿಯೊಂದು ಮಗುವಿನಲ್ಲಿಯೂ ಫಲವನ್ನು ಪರೀಕ್ಷಿಸಿಯೇ ಮುಂದುವರಿಯುತ್ತಾರೆ. ಕೆಲವೊಮ್ಮೆ ಗಂಟೆಯ ಸದ್ದನ್ನು ತಗ್ಗಿಸುವುದೇ ಅವರು ನೀಡುವ ಅತ್ಯುತ್ತಮ ಸಲಹೆಯಾಗಿರುತ್ತದೆ.