ಉತ್ತ ಹೊಲ ಕಲಿಸಿದ ಪಾಠ

ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ ಪೋಲ್ಡರ್‌ಬಾನ್ ಎಂಬ ರನ್‌ವೇ 2003ರಲ್ಲಿ ಬಳಕೆಗೆ ಬಂತು. ಜನವಸತಿಯ ಮೇಲಿನ ಹಾರಾಟ ತಗ್ಗಲೆಂದು ಅದನ್ನು ಟರ್ಮಿನಲ್‌ನಿಂದ ಬಹುದೂರದಲ್ಲಿ ಕಟ್ಟಲಾಗಿತ್ತು. ಆದರೆ ವಿಮಾನ ನೆಲ ಬಿಡುವ ಮೊದಲೇ ಹೊಮ್ಮುವ ಗುಡುಗಿನಂಥ ಸದ್ದು ಬಯಲಿನಲ್ಲಿ ತಡೆಯಿಲ್ಲದೆ ಹರಿದು ಹೋಫ್‌ಡಾರ್ಪ್ ಊರಿನ ಮನೆಗಳನ್ನು ತಲುಪಿತು. ಕಿಟಕಿಗೆ ಜೋಡಿ ಗಾಜು ಹಾಕಿದರೂ ಇಂಥ ಮಂದ್ರ ಸದ್ದು ಪೂರ್ತಿ ನಿಲ್ಲುವುದಿಲ್ಲ. ಅದರ ಅಲೆಗಳು ಬಲು ಉದ್ದ: 30 ಹರ್ಟ್ಸ್ ಸದ್ದಿನ ಅಲೆ ಸುಮಾರು 11 ಮೀಟರ್.

ದಾರಿ ತೋರಿಸಿದ್ದು ಹೊಲಗಳೇ. ಸುಗ್ಗಿ ಮುಗಿದು ರೈತರು ನೆಲ ಉತ್ತಾಗ ಸದ್ದು ಇಳಿಯುವುದು ಗಮನಕ್ಕೆ ಬಂತು. ನೇಗಿಲ ಸಾಲುಗಳು ಅಲೆಗಳನ್ನು ಚದುರಿಸುತ್ತಿದ್ದವು. ಅದೇ ತತ್ತ್ವದ ಮೇಲೆ 2013ರಲ್ಲಿ ಬೌಟನ್‌ಸ್ಕಾಟ್ ಉದ್ಯಾನ ಸಿದ್ಧವಾಯಿತು. ಅಲ್ಲಿನ ಆಳೆತ್ತರದ ಮಣ್ಣಿನ ಏರಿಗಳು ಸದ್ದನ್ನು ಮೇಲಕ್ಕೆ ತಿರುಗಿಸುತ್ತವೆ. ಅವುಗಳ ನಡುವೆ ಊರಿನವರು ಅಡ್ಡಾಡುತ್ತಾರೆ.